ಪಾಟಿ ಹಿಡಿಯದ ಅಕ್ಕ

ನಿನ್ನೆ ಪಕ್ಕದ ಖೋಲಿಗೆ ಹೊಸದಾಗಿ ಬಂದವರು ಜೋಳದ ರೊಟ್ಟಿ ಸುಡುತ್ತಿದ್ದರು. ಅಂಚು ಕರಿಕಾದ ಆ ವಾಸನೆ ಬಂದದ್ದೇ ತಡ, ಪಣಜಿ ಕಡೆಯ ಸಾಂಕೋಲೆಯಲ್ಲಿ ನಾನಿದ್ದ ಹಳೇ ಚಾಳಿನ ರೊಟ್ಟಿ ಅಕ್ಕ ನೆನಪಾದಳು... ಮುದ್ದೇಬಿಹಾಳದ ಕಡೆಯವಳು. ಗಂಡ ತೀರಿಕೊಂಡ ಮೇಲೂ ಊರಿಗೆ ಹೋಗದೆ, ಫ್ಯಾಕ್ಟರಿಗೆ ಹೋಗುವ ನಮ್ಮಂಥವರಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು.

ಒಂದು ಭಾನುವಾರ ರಾತ್ರಿಪಾಳಿ ಮುಗಿಸಿ ಬಂದಾಗ ಚಾಳಿನ ಮುಂದೆ ಪೊಲೀಸ್ ಜೀಪು ನಿಂತಿತ್ತು. ಹತ್ತಿರದ ಬಂಗಲೆಯಲ್ಲಿ ಕಳವಾಗಿತ್ತಂತೆ. ಕರ್ನಾಟಕದವರನ್ನೆಲ್ಲ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಪಾಟಿಯ ಮೇಲೆ ಹೆಸರು, ಊರು ಬರೆದು, ಅದನ್ನು ಎದೆಗೆ ಹಿಡಿಸಿ ಒಬ್ಬೊಬ್ಬರದೇ ಫೋಟೋ ತೆಗೆಯುತ್ತಿದ್ದರು. ಅಕ್ಕನ ಸರದಿ ಬಂತು. ಅವಳು ಕೈಯನ್ನೇ ಚಾಚಲಿಲ್ಲ. ಹರಕು ಕೊಂಕಣಿಯಲ್ಲಿ ಏನೋ ಕೇಳಿ, ಆಮೇಲೆ ಅದನ್ನೇ ನಮಗೂ ಕೇಳಲೆಂದು ಕನ್ನಡದಲ್ಲೇ ಜೋರಾಗಿ ಅಂದಳು:

"ಸಾಹೇಬ್ರ, ಯಾರ ಮ್ಯಾಲ ಸಂಶೇ ಐತಿ ಅವರನ್ನ ಕೇಳ್ರಿ. ಇಡೀ ಚಾಳನ್ನ ಕಳ್ಳರಂಗ ನಿಲ್ಲಸ್ರಿ ಅಂತ ಹುಕುಂ ಐತೇನ್ರಿ? ಇದ್ರ ತೋರಸ್ರಿ."

ಸಾಹೇಬರು ಏನೂ ತೋರಿಸಲಿಲ್ಲ. ಅವಳನ್ನು ಜೀಪಿಗೆ ಹತ್ತಿಸಿದರು. ಆ ಗಡಿಬಿಡಿಯಲ್ಲಿ ನನ್ನ ಫೋಟೋ ತೆಗೆಯುವುದು ಉಳಿದುಹೋಯಿತು. ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕೂರಿಸಿ ಅವಳನ್ನು ಬಿಟ್ಟರು.

ಅವಳು ವಕೀಲರೊಬ್ಬರಿಂದ ಪೊಲೀಸರ ಮೇಲೆ ದೂರು ಬರೆಸಿದಳು. ಚಾಳಿನವರೆಲ್ಲ ಹುರುಪಿನಿಂದ ಹೆಬ್ಬೆಟ್ಟು ಒತ್ತಿದರು. ಆದರೆ ದೂರು ಕೊಟ್ಟವರಿಗೆ ನಾಳೆಯಿಂದ ಕೆಲಸವಿಲ್ಲ ಎಂದು ಫ್ಯಾಕ್ಟರಿಯ ಗುತ್ತಿಗೆದಾರ ಹೇಳಿಕಳಿಸಿದ. ಒಬ್ಬೊಬ್ಬರಾಗಿ ಹಿಂದೆ ಸರಿದರು. ಅಕ್ಕ ಯಾರನ್ನೂ ಬೈಯಲಿಲ್ಲ. "ಹೊಟ್ಟಿ ಎಲ್ಲಾರಿಗೂ ಐತಿ," ಅಂದಳು, ಅಷ್ಟೇ.

ವಿಚಾರಣೆಗೆ ಪಣಜಿಗೆ ಹೋದವರು ಅಕ್ಕ, ನಾನು ಇಬ್ಬರೇ. ಜನ ತಾವಾಗಿಯೇ ಫೋಟೋಗೆ ನಿಂತರು, ಈ ಹೆಂಗಸೂ ತಾನಾಗಿಯೇ ಠಾಣೆಗೆ ಬಂದಳು ಎಂದು ಪೊಲೀಸರು ಬರೆದುಕೊಟ್ಟಿದ್ದರು. ಸಾಕ್ಷಿಗೆ ಅವೇ ಫೋಟೋಗಳು... ಯಾರ ಮುಖದಲ್ಲೂ ತಕರಾರು ಕಾಣುತ್ತಿರಲಿಲ್ಲ. ಪಾಟಿ ಹಿಡಿದವರು ದೂರು ಕೊಟ್ಟಿಲ್ಲ, ದೂರು ಕೊಟ್ಟ ನೀವು ಪಾಟಿ ಹಿಡಿದಿಲ್ಲ, ಮತ್ತೆ ಅನ್ಯಾಯವಾದದ್ದು ಯಾರಿಗೆ ಎಂದು ವಿಚಾರಣೆಗೆ ಮೇಲೆ ಕೂತ ಅಧಿಕಾರಿಗಳು ಸಮಾಧಾನದಿಂದಲೇ ಕೇಳಿದರು. ದೂರು ಮುಗಿಯಿತು.

ವಾಪಸು ಬರುವ ಬಸ್ಸು ಜುವಾರಿ ಸೇತುವೆಗೆ ಬಂತು. ಅಕ್ಕ ಕಿಟಕಿಯ ಕಡೆಗೇ ಮುಖಮಾಡಿ ಕೇಳಿದಳು, "ಹಂಗಾದ್ರ ನಾನೂ ಪಾಟಿ ಹಿಡೀಬೇಕಾಗಿತ್ತೇನ?"

 

ಮಳೆಗಾಲಕ್ಕೆ ಮುಂಚೆಯೇ ಮಾಲೀಕ ಅವಳ ಖೋಲಿ ಖಾಲಿ ಮಾಡಿಸಿದ. ಇಚಲಕರಂಜಿಯ ತಂಗಿಯ ಮನೆಗೆ ಹೋದಳು. ಅಲ್ಲೇ ತೀರಿಕೊಂಡಳೆಂದು ಬಹಳ ದಿನಗಳ ಮೇಲೆ ಯಾರೋ ಹೇಳಿದರು...

ಹೋದ ವಾರ ನಾನೀಗಿರುವ ಓಣಿಗೂ ಪೊಲೀಸರು ಬಂದಿದ್ದರು. ಈಗ ಫೋಟೋ ಎಲ್ಲ ಮೊಬೈಲಿನಲ್ಲೇ. ಜೀಪು ನಿಲ್ಲುವ ಮೊದಲೇ ಜನ ಹೊರಬಂದು ಗೋಡೆಗೆ ಸಾಲಾಗಿ ನಿಂತರು. ಯಾಕೆ ಎಂದು ಯಾರೂ ಕೇಳಲಿಲ್ಲ, ಕೇಳುವವಳು ಇರಲಿಲ್ಲ. ಎದುರು ಮನೆಯ ತಾಯಿ ಅವಸರದಲ್ಲಿ ಮಗಳ ತಲೆ ಬಾಚಿ, ಭುಜ ಹಿಡಿದು ಮುಂದೆ ನಿಲ್ಲಿಸಿದಳು.

"ಸೀದಾ ನಿಂದರ. ಫೋಟೋ ಚಲೋ ಬರಲಿ."