ರಷ್ಯಾದವರ ಮುಯ್ಯಿ

ರಷ್ಯಾದವರು ಕೃತಕ ಚಂದ್ರನನ್ನು ಹಾರಿಸಿದ್ದು ಅಕ್ಕನ ಮದುವೆಗೆ ಮೊದಲು ಎಂಬುದಷ್ಟೇ ಖಚಿತ. ಅದರೊಳಗೆ ನಾಯಿ ಹೋಗಿತ್ತೋ ಇಲ್ಲವೋ ನೆನಪಿಲ್ಲ; ನಾಯಿಯ ಮೇಲೆ ನನಗೆ ಸಿಟ್ಟು ಬಂದದ್ದು ನೆನಪಿದೆ, ಆದ್ದರಿಂದ ಹೋಗಿರಬೇಕು. ಪತ್ರಿಕೆಯಲ್ಲಿ ನಾಯಿಗೂ ಹೆಸರಿತ್ತು. ಕೆಳಗೆ ನಿಂತು ಬೋಲ್ಟು ಬಿಗಿದವರಿಗೆ, ಎಣ್ಣೆ ತುಂಬಿದವರಿಗೆ ಇರಲಿಲ್ಲ. ಆಗಷ್ಟೇ ಬಿ.ಎಸ್ಸಿ. ಮುಗಿಸಿ ಶಿಕಾರಿಪುರದ ಮನೆಯಲ್ಲಿ ಕೂತಿದ್ದ ನನಗೆ ಇದು ಮಹಾ ಅನ್ಯಾಯವಾಗಿ ಕಂಡಿತು.

ಅಕ್ಕನನ್ನು ಸೊರಬಕ್ಕೆ ಕೊಡುವುದಿತ್ತು. ಬಳುವಳಿಯ ಪಾತ್ರೆಗಳ ಮೇಲೆ ಹೆಸರು ಹಾಕಿಸಿಕೊಂಡು ಬಾ ಎಂದು ಅಪ್ಪ ನನ್ನನ್ನು ಪೇಟೆಗೆ ಕಳಿಸಿದರು. ಅದರಲ್ಲೊಂದು ಹಿತ್ತಾಳೆ ಕೊಡ ನನ್ನ ಉಡುಗೊರೆ. ನೀರು ಅಕ್ಕ ತರಲಿ, ಗೌರವ ಆ ಬೋಲ್ಟು ಬಿಗಿದವರಿಗೆ ಸಲ್ಲಲಿ ಎಂದುಕೊಂಡು ಚೀಟಿ ಬರೆದುಕೊಟ್ಟೆ: "ಚಂದ್ರನನ್ನು ಹಾರಿಸಿದ ನೆಲದ ಕೆಲಸದವರಿಗೆ."

ಹೆಸರು ಕೊರೆಯುವವನು ಚೀಟಿಯನ್ನು ದೂರ ಹಿಡಿದು ಓದಿದ. "ಇವರು ಯಾವ ಊರ್ನೋರ್ರೀ?"

"ರಷ್ಯಾ."

"ಮದುವಿಗೆ ಬರ್ತಾರೇನ್ರೀ?"

"ಎಲ್ಲಿ ಬರ್ತಾರೆ ಮಾರಾಯ!"

"ಬರಾಕ ಆಗದಿದ್ರೂ ಮುಯ್ಯಿ ಕಳಿಸ್ಯಾರಲ್ರೀ. ದೊಡ್ಡ ಮನಸಿನೋರು ಬಿಡ್ರಿ."

ನಾನು ನಕ್ಕು ಚಹಾ ಕುಡಿಯಲು ಹೋದೆ. ಮದುವೆಯ ಪಾತ್ರೆಗಳ ಮೇಲೆ "ಇಂಥವರಿಂದ" ಎಂದೇ ಕೊರೆದು ಕೊರೆದು ಪಳಗಿದ ಕೈ ಅದು. ಕೊಡ ಸೊರಬ ಸೇರಿ, ಅಕ್ಕನ ಅತ್ತೆ ನೆಂಟರೆದುರು ಅದನ್ನು ತಿರುಗಿಸಿ "ಕೆಲಸದವರಿಂದ" ಎಂದು ಗಟ್ಟಿಯಾಗಿ ಓದಿದಾಗಲೇ, ನನ್ನ "ಕೆಲಸದವರಿಗೆ" ಹೀಗಾಗಿದೆ ಎಂದು ನನಗೆ ಗೊತ್ತಾದದ್ದು.

"ಯಾವ ಚಂದ್ರನ್ನ ಹಾರಿಸಿದರೋ, ಇರಲಿ. ನೆಲದ ಕೆಲಸದವರು ಅಂದ್ರೆ ಕೂಲಿಯವರಲ್ಲೇನೇ? ಜಮೀನಿದ್ದವರ ಮನೆ ಅಂತಲ್ಲವಾ ನಾವು ಹೆಣ್ಣು ತಂದದ್ದು?"

ನಾನು ಸಂಜೆ ಬಸ್ಸು ಹತ್ತುವವನು. ಅಕ್ಕ ಆ ಮನೆಯಲ್ಲಿ ಬಾಳಬೇಕಾದವಳು. ವಿಜ್ಞಾನ ವಿವರಿಸಲು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಮುಚ್ಚಿಸಿದಳು.

"ಹೌದು ಅತ್ತೆ, ನಮ್ಮಪ್ಪ ನೆಲದ ಕೆಲಸ ಮಾಡೇ ನನ್ನ ಸಾಕಿದ್ದು. ಆಕಾಶದ ಕೆಲಸ ಗೊತ್ತಿರೋನು ನಮ್ಮನೇಲಿ ಇವನೊಬ್ಬನೇ. ಇವನಿಗಿನ್ನೂ ನೌಕರಿ ಸಿಕ್ಕಿಲ್ಲ."

ಅತ್ತೆ ಬೆರಳ ಗೆಣ್ಣಿನಿಂದ ಕೊಡ ಬಡಿದು ನೋಡಿದರು. "ಕೊಡ ಗಟ್ಟಿ ಇದೆ. ನಿನ್ನ ಬಾಯಿನೂ," ಎಂದು ನಕ್ಕುಬಿಟ್ಟರು. ಅಂದಿನಿಂದ ಅದು ಗದ್ದೆಯಲ್ಲಿ ನಾಟಿ ಮಾಡುವವರಿಗೆ ಕುಡಿಯುವ ನೀರು ಒಯ್ಯುವ ಕೊಡವಾಯಿತು.

ಚೀಟಿಯಲ್ಲೇ ನಾನು ತಪ್ಪು ಬರೆದಿದ್ದೆ ಎಂದು ಅಕ್ಕ ಈಗಲೂ ವಾದಿಸುತ್ತಾಳೆ. ಇರಬಹುದೇನೋ. ಚೀಟಿ ಇಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಕೊಡದ ಮೇಲಿನ ಕೊನೆಯ ಅಕ್ಷರಗಳೂ ಇಲ್ಲ. "ನೆಲದ ಕೆಲಸದವ" ಎಂಬಲ್ಲಿಯವರೆಗೆ ಓದಬಹುದು. ಅಷ್ಟರ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ.