ಅಕ್ಕ ಬರೆಸಿದ್ದ ಊಟ

ಹಡಗಿನಲ್ಲಿ ಊಟ ಹೇಗಿರುತ್ತದೆ ಎಂದು ನಮ್ಮ ಬೀದಿಯ ಹೆಂಗಸರು ಈಗಲೂ ಕೇಳುತ್ತಾರೆ. ಚೆನ್ನಾಗಿರುತ್ತದೆ ಎನ್ನುತ್ತೇನೆ. ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟು ಸಿಗುತ್ತವೆ. ಮಧ್ಯಾಹ್ನ ಬೇಕಾದ್ದನ್ನು ಬೇಕಾದಷ್ಟು ನಾವೇ ಬಡಿಸಿಕೊಳ್ಳಬಹುದು. ಸಸ್ಯಾಹಾರಕ್ಕೆ ಬೇರೆ ಸಾಲು, ಬೇರೆ ಸೌಟು. ಸಂಜೆಯ ಊಟಕ್ಕೆ ಮಾತ್ರ ಹೇಳಿದ ಹೊತ್ತಿಗೆ, ಹೇಳಿದ ಮೇಜಿಗೆ ಹೋಗಬೇಕು. ಒಂದು ಕುಟುಂಬಕ್ಕೆ ಒಂದು ಮೇಜು, ಇಳಿಯುವವರೆಗೂ ಅದೇ ಮೇಜು, ಬಡಿಸುವವನೂ ಅವನೇ. ಇಷ್ಟು ಹೇಳಿ ಸುಮ್ಮನಾಗುತ್ತೇನೆ. ನಮ್ಮ ಮೇಜಿಗೆ ಐದು ಕುರ್ಚಿಗಳಿದ್ದವು, ನಾವು ನಾಲ್ಕೇ ಜನ ಇದ್ದೆವು ಎಂಬುದನ್ನು ಯಾರಿಗೂ ಹೇಳಿಲ್ಲ.

ಐದನೆಯದು ಅಕ್ಕನದು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಮಾದಿಹಳ್ಳಿ ಕಡೆಯವಳು. ಅರಸೀಕೆರೆಯ ಕೊಬ್ಬರಿ ವ್ಯಾಪಾರದ ಮನೆಗೆ ನಾನು ಸೊಸೆಯಾಗಿ ಬಂದಾಗ ನನಗೆ ಅನ್ನ ಬಸಿಯುವುದಕ್ಕೂ ಬರುತ್ತಿರಲಿಲ್ಲ. ಗಂಜಿ ಕೈ ಮೇಲೆ ಚೆಲ್ಲದ ಹಾಗೆ ಪಾತ್ರೆ ಹೇಗೆ ಹಿಡಿಯಬೇಕೆಂದು ನನ್ನ ಹಿಂದೆ ನಿಂತು, ನನ್ನ ಎರಡು ಕೈಯನ್ನೂ ಹಿಡಿದು ಕಲಿಸಿದವಳು ಅವಳು. ಇಪ್ಪತ್ತೆರಡು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದೆವು.

ಆ ಒಲೆ ಬೇರೆಯಾದದ್ದು ಒಂದು ಎಸಳು ಬೆಳ್ಳುಳ್ಳಿಯಿಂದ. ಯಜಮಾನರಿಗೆ ಕಾಮಾಲೆ ಬಂದು ಅವರು ಬದುಕಿ ಉಳಿದ ಮೇಲೆ ನಾನು ಸೋಮವಾರ ಒಪ್ಪತ್ತು ಹಿಡಿದಿದ್ದೆ. ಒಂದೇ ಊಟ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಒಂದು ಶ್ರಾವಣ ಸೋಮವಾರ ಮಠದ ಸ್ವಾಮಿಗಳು ಪಾದಪೂಜೆಗೆ ನಮ್ಮ ಮನೆಗೆ ಬಂದಿದ್ದರು. ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದಾಗ ಅಕ್ಕ ನನಗೆ ಸಾರು ಬಡಿಸಿದಳು. ಎರಡು ತುತ್ತು ಒಳಗೆ ಹೋದ ಮೇಲೆ ಬೆಳ್ಳುಳ್ಳಿ ಬಾಯಿಗೆ ಸಿಕ್ಕಿತು.

"ಅಯ್ಯೋ, ಮರ್ತೇ ಹೋಯ್ತಲ್ಲೇ!" ಎಂದಳು ಅಕ್ಕ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಎಲ್ಲರೂ ನೋಡುತ್ತಿದ್ದಾರೆಂದು ನಕ್ಕು, "ಒಂದು ಎಸಳು ಬೆಳ್ಳುಳ್ಳಿಗೆ ಶಿವ ಎದ್ದೋಗ್ತಾನೇನೇ? ಉಣ್ಣು ಉಣ್ಣು" ಎಂದಳು. ಪಂಕ್ತಿಯಿಡೀ ನಕ್ಕಿತು.

ನಾನು ಉಣ್ಣುವ ಎಲೆಯಿಂದ ಎದ್ದೆ. ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿ, "ಇನ್ನು ನಿನ್ನ ಕೈಯ ಒಂದು ಅಗುಳು ಮುಟ್ಟಿದರೆ ಈ ಲಿಂಗದಾಣೆ" ಎಂದೆ. ಅಕ್ಕ ಸೌಟು ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖದಿಂದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ.

ತಿಂಗಳೊಳಗೆ ನಡುಮನೆಯಲ್ಲಿ ಗೋಡೆ ಎದ್ದಿತು. ಆರು ವರ್ಷ ಆ ಗೋಡೆಯಾಚೆ ಅವಳ ಒಗ್ಗರಣೆ ಸಿಡಿಯುವುದು ನನಗೆ ಕೇಳುತ್ತಿತ್ತು, ನನ್ನದು ಅವಳಿಗೆ. ಹಬ್ಬ ಬಂದರೆ ತನ್ನ ಮಗಳ ಕೈಲಿ ಹೋಳಿಗೆಯ ತಟ್ಟೆ ಕಳಿಸುತ್ತಿದ್ದಳು. ನಾನದನ್ನು ಕೆಲಸದವಳಿಗೆ ಕೊಟ್ಟು, ಬರಿ ತಟ್ಟೆ ಹಿಂದಿರುಗಿಸಬಾರದೆಂದು ತೊಳೆದ ತಟ್ಟೆಗೆ ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಿದ್ದೆ.

ಕಳೆದ ಬೇಸಿಗೆಯ ಕೊನೆಗೆ ಅಕ್ಕ ಹಿತ್ತಲಲ್ಲಿ ಬಟ್ಟೆ ಹರವುತ್ತ ಕುಸಿದಳು. ಗೋಡೆ ಸುತ್ತಿಕೊಂಡು ನಾನು ಓಡಿಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಶಿವಗಣಾರಾಧನೆಯ ದಿನ ನಾನೇ ಸೆರಗು ಕಟ್ಟಿ ಪಂಕ್ತಿ ಪಂಕ್ತಿಗೂ ಪಾಯಸ ಬಡಿಸಿದೆ. ನನ್ನ ಎಲೆ ಮಾತ್ರ ಹಾಕಿಸಿಕೊಳ್ಳಲಿಲ್ಲ. ಅವಳ ಹೆಸರಿನ ಊಟವೂ ಅವಳ ಕೈಯದ್ದೇ ಅಲ್ಲವೇ? ಹೊಟ್ಟೆ ಸರಿಯಿಲ್ಲವೆಂದೆ. ಯಾರೂ ಬಲವಂತ ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ಭಾವ, ಎಂದರೆ ಅಕ್ಕನ ಗಂಡ, ಮಗಳ ಕೈಲಿ ಹೇಳಿ ಕಳಿಸಿದರು. ಮುಂಬೈಯಿಂದ ಹೊರಟು ಸಮುದ್ರ ಸುತ್ತಿಸಿ ತರುವ ಹಡಗಿಗೆ ಅಕ್ಕ ಬದುಕಿದ್ದಾಗಲೇ ಟಿಕೆಟ್ ಮಾಡಿಸಿದ್ದಳಂತೆ. ಅವರ ಮನೆಯ ಮೂವರಿಗೆ ಮಾತ್ರವಲ್ಲ, ನಮ್ಮಿಬ್ಬರಿಗೂ. ನಮಗೆ ಒಂದು ಮಾತೂ ಹೇಳಿರಲಿಲ್ಲ. "ಅವಳು ಮಾಡಿಸಿದ್ದು, ಹೋಗಿಬರೋಣ ಅಂದ್ರು ಅಪ್ಪ" ಎಂದಳು ಹುಡುಗಿ. ವರ್ಷ ತುಂಬಿಲ್ಲ, ಆಗಲೇ ಹಡಗಂತೆ ಎಂದು ಹಾರನಹಳ್ಳಿಯ ನೆಂಟರು ಆಡಿಕೊಂಡರು. ಲಿಂಗ ಕಟ್ಟಿದ ನಮ್ಮಲ್ಲಿ ಸೂತಕವಿಲ್ಲ. ಹೊರಟೆವು. ರೈಲಿನಲ್ಲಿ ನನಗೆ ಕೆಳಗಿನ ಸೀಟೇ ಸಿಕ್ಕಿತು, ಹಡಗು ಹತ್ತಿದ ಮೇಲೆ ವಾಂತಿಯಾಗಲಿಲ್ಲ. ಶಿವನ ದಯೆ ಎಂದುಕೊಂಡೆ. ಇಂಥ ಸಣ್ಣ ಸಣ್ಣ ದಯೆಗಳನ್ನು ಎಣಿಸಿಕೊಳ್ಳುವುದು ನನ್ನ ಅಭ್ಯಾಸ.

ಮೊದಲ ಸಂಜೆ, ಶನಿವಾರ, ಊಟದ ಕೋಣೆಗೆ ಹೋದೆವು. ಮದುವೆಮನೆಯಷ್ಟು ದೊಡ್ಡದು, ತುಂಬ ಮಕ್ಕಳ ಗಲಾಟೆ. ನಮ್ಮ ಮೇಜಿನ ಮೇಲೆ ಐದು ತಟ್ಟೆಗಳು, ಪ್ರತಿ ತಟ್ಟೆಯಲ್ಲೂ ಹಕ್ಕಿಯ ಹಾಗೆ ಮಡಿಸಿದ ಬಿಳಿ ಬಟ್ಟೆ, ಪಕ್ಕದಲ್ಲಿ ಹೆಸರು ಬರೆದ ಚೀಟಿ. ಟಿಕೆಟ್ ಮಾಡಿದ ಕಚೇರಿಗೆ ಸುದ್ದಿ ತಿಳಿಸಿದ್ದೆವು. ಊಟದ ಪಟ್ಟಿಯವರೆಗೆ ಅದು ತಲುಪಿರಲಿಲ್ಲ. ನನ್ನ ಎದುರಿಗೇ ಅಕ್ಕನ ಹೆಸರಿತ್ತು.

ಬಡಿಸುವವನು ನಡುವಯಸ್ಸಿನ, ಮೆತ್ತಗೆ ಮಾತಾಡುವ ಮನುಷ್ಯ. ಆ ಕುರ್ಚಿಯನ್ನು ಹಿಂದಕ್ಕೆಳೆದು ಹಿಡಿದುಕೊಂಡು, ಅಮ್ಮನವರು ಬರುತ್ತಾರಾ ಎಂದು ಹಿಂದಿಯಲ್ಲಿ ಕೇಳಿದ. ಹುಡುಗಿ ಅವನಿಗೆ ವಿಷಯ ಹೇಳಿದಳು. ಅವನು ತಟ್ಟೆ ತೆಗೆಯಲು ಕೈ ಹಾಕಿದ.

"ಇರ್ಲಿ ಬಿಡು ಅನ್ನು. ಇಳಿಯೋ ತನಕ ಇರ್ಲಿ," ಎಂದರು ಭಾವ.

ಅವನು ತಲೆಯಾಡಿಸಿ ಆ ಲೋಟಕ್ಕೂ ನೀರು ತುಂಬಿದ.

ನಮ್ಮಲ್ಲಿ ಸತ್ತವರು ದೆವ್ವವಾಗಿ ಬರುವುದಿಲ್ಲ. ಲಿಂಗೈಕ್ಯರಾದರು ಎಂದರೆ ಶಿವನಲ್ಲಿ ಬೆರೆತರು. ತಿರುಗಿ ಬರಲು ಏನೂ ಉಳಿದಿರುವುದಿಲ್ಲ. ಚಿಕ್ಕಂದಿನಿಂದ ಮಠದಲ್ಲಿ ಕೇಳಿದ ಮಾತು, ನಂಬಿದ್ದೇನೆ. ಆದರೂ ತಲೆ ಎತ್ತಿ ಎದುರಿಗೆ ನೋಡಲು ನನಗಾಗಲಿಲ್ಲ. ಹಡಗು ವಾಲಿದಾಗಲೆಲ್ಲ ಆ ಲೋಟದ ನೀರು ಒಂದು ಕಡೆಗೆ ಏರುತ್ತಿತ್ತು, ಯಾರೋ ತುಟಿಗೆ ಹಿಡಿದಿದ್ದಾರೆ ಎಂಬಂತೆ. ಎಲ್ಲರಿಗೂ ಬದನೆಕಾಯಿ ಪಲ್ಯ ಬಂತು, ನನಗೊಬ್ಬಳಿಗೆ ಆಲೂಗಡ್ಡೆಯದು. ಬದನೆಕಾಯಿ ತಿಂದರೆ ನನಗೆ ಮೈ ನವೆ. ಅದನ್ನೂ ಶಿವನ ದಯೆಗೆ ಸೇರಿಸಿ ತಲೆ ತಗ್ಗಿಸಿ ಉಂಡೆ.

ಭಾನುವಾರ ಮಧ್ಯಾಹ್ನ ಮೇಲಿನ ಅಂತಸ್ತಿನಲ್ಲಿ ಊಟ. ಎಷ್ಟು ಬಗೆ ಎಂದು ಹೇಳಲಾರೆ. ಜನ ತಟ್ಟೆ ತುಂಬ ಹಾಕಿಕೊಂಡು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ನಮ್ಮ ಮನೆಯಲ್ಲಿ ಒಂದಗುಳು ಬಿಡುವ ಹಾಗಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ತೊಳೆದು ಕುಡಿದರೇ ಅದು ಪ್ರಸಾದ. ಆ ಅರೆ ತಟ್ಟೆಗಳನ್ನು ನೋಡುತ್ತಿದ್ದ ಹಾಗೆ ಆ ಸೋಮವಾರ ನಾನು ಬಿಟ್ಟು ಎದ್ದ ಎಲೆ ನೆನಪಾಯಿತು. ಅದರಲ್ಲಿ ಅನ್ನವಿತ್ತು, ಒಂದೂವರೆ ಹೋಳಿಗೆ ಇತ್ತು. ಅದನ್ನು ಆಮೇಲೆ ಎತ್ತಿದವರು ಯಾರು? ಮಿಕ್ಕವರು ಯಾರೂ ಎತ್ತಿರಲಾರರು. ಅಕ್ಕನೇ ಎತ್ತಿರಬೇಕು. ಆ ಸಂಜೆಯೂ ಎದುರಿನ ಕುರ್ಚಿಯ ಮುಂದೆ ಹಕ್ಕಿ ಮಡಿಕೆಯ ಬಟ್ಟೆ ಹಾಗೇ ಕೂತಿತ್ತು. ನನಗೆ ಅಕ್ಕನ ಕೊಬ್ಬರಿ ಎಣ್ಣೆ, ವಿಭೂತಿ ಸೇರಿದ ವಾಸನೆ ಬಂದ ಹಾಗಾಯಿತು. ವಿಭೂತಿ ನನ್ನ ಹಣೆಯ ಮೇಲೆಯೇ ಇತ್ತು. ಎಣ್ಣೆ ಯಾರೂ ಹಚ್ಚಿರಲಿಲ್ಲ.

ಸೋಮವಾರ ಬಂತು. ಆ ಕಿರಿದಾದ ಕೋಣೆಯಲ್ಲಿ ಮಂಚದ ಅಂಚಿಗೆ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡಿದೆ. ಇಡೀ ದಿನ ಬರೀ ನೀರು ಕುಡಿದುಕೊಂಡಿದ್ದೆ. ಸಂಜೆ ಮೊಸರು, ಹಣ್ಣು ಏನಾದರೂ ಸಿಕ್ಕರೆ ಸಾಕೆಂದು ಹೋಗಿ ಕೂತೆ. ಎಲ್ಲರಿಗೂ ಬಡಿಸಿದ ಮೇಲೆ ಅವನು ನನ್ನ ಮುಂದೆ ಬೇರೊಂದು ತಟ್ಟೆ ತಂದಿಟ್ಟ. ಹಬೆಯಾಡುವ ಅನ್ನ, ಹೆಸರುಬೇಳೆ ತೊವ್ವೆ, ಪುಟ್ಟ ಬಟ್ಟಲಲ್ಲಿ ತುಪ್ಪ. ಕೈಯಲ್ಲಿದ್ದ ಚೀಟಿ ನೋಡಿಕೊಂಡು ನಗುತ್ತ ಏನೋ ಹೇಳಿದ.

"ಏನಂತೇ?" ಎಂದು ಹುಡುಗಿಯನ್ನು ಕೇಳಿದೆ.

"ಬೆಳ್ಳುಳ್ಳಿ ಬೇಡ ಅಂತ ಎರಡು ಸಲ ಬರೆದಿತ್ತಂತೆ. ಅದಕ್ಕೆ ಅಡುಗೆಯವರು ಪಾತ್ರೆಯೇ ಬೇರೆ ಇಟ್ಟು ಮಾಡಿದ್ರಂತೆ."

"ನಾನು ಯಾರಿಗೂ ಹೇಳಿಲ್ಲವಲ್ಲೇ. ನೀನು ಹೇಳಿದೆಯಾ?"

"ನಾನಲ್ಲ ಚಿಕ್ಕಮ್ಮ," ಎಂದಳು. "ಟಿಕೆಟ್ ಮಾಡುವಾಗ ಫೋನಲ್ಲಿ ಒಂದು ಫಾರಂ ಬಂತು, ಯಾರಿಗೆ ಯಾವ ಊಟ ಆಗಲ್ಲ ಬರೀರಿ ಅಂತ. ಅಮ್ಮ ಹೇಳ್ತಾ ಹೋದ್ಲು, ನಾನು ಟೈಪ್ ಮಾಡಿದೆ. ಅಪ್ಪಂಗೆ ಸಕ್ಕರೆ ಬೇಡ, ಚಿಕ್ಕಪ್ಪಂಗೆ ಖಾರ ಬೇಡ, ಅಷ್ಟೇ. ನಿಮ್ಮದಕ್ಕೆ ಜಾಗವೇ ಸಾಲಲಿಲ್ಲ. 'ಬದ್ನೆಕಾಯಿ ಅವ್ಳಿಗೆ ನವೆ. ಸೋಮವಾರ ಒಪ್ಪತ್ತು, ಬಿಸಿ ಅನ್ನ ತೊವ್ವೆ ಕೊಡ್ಬೇಕು. ಬೆಳ್ಳುಳ್ಳಿ ಬ್ಯಾಡ. ಅದ್ನ ಎರಡ್ಸಲ ಬರಿ ಕಣೇ, ಮರ್ತುಬಿಟ್ಟಾರು' ಅಂದ್ಲು."

ಕಲಸಲು ಹೋದ ಕೈ ಅಲ್ಲೇ ನಿಂತಿತು. ಶನಿವಾರ ಶಿವನ ದಯೆಗೆ ಸೇರಿಸಿಕೊಂಡ ಆಲೂಗಡ್ಡೆ ಪಲ್ಯವೂ ಅಕ್ಕ ಹೇಳಿ ಬರೆಸಿದ್ದು. ಅದನ್ನು ತಿಳಿಯದೆ ಉಂಡಿದ್ದೆ. ಬೆಳಗಿನಿಂದ ಏನೂ ಉಂಡಿರಲಿಲ್ಲ, ತುಪ್ಪದ ವಾಸನೆ ಮೂಗಿಗೆ ಬರುತ್ತಿತ್ತು.

"ಆರೋಗ್ತೈತೆ, ಉಣ್ಣೇ," ಎಂದರು ನಮ್ಮ ಯಜಮಾನರು.

"ಆಗಲ್ಲ ರೀ. ಆಣೆ ಮಾಡಿದ್ದೀನಿ."

"ಬೇಯಿಸಿದೋನು ಯಾವನೋ ಏನೋ. ಅತ್ತಿಗೆ ಕೈಯದೇನಲ್ವಲ್ಲ."

ಯಾರು ಬೇಯಿಸಿದ್ದರೂ ಅದು ಅಕ್ಕನ ಕೈಯ ಊಟವೇ ಎಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಲಿಂಗ ಮುಟ್ಟಿ ಆಡಿದ ಮಾತಿಗೆ ಹಾಗೆ ಸಂದು ಹುಡುಕಿ ನುಸುಳುವುದು ನನಗೆ ಬೇಕಿರಲಿಲ್ಲ. ಆಣೆ ಉಳಿಸಿಕೊಂಡರೆ ಅಕ್ಕ ಎದುರಿಗೆ ಹಾಗೇ ಕೂತಿರುತ್ತಾಳೆ, ನಾನು ಬದುಕಿರುವವರೆಗೂ, ಸೌಟು ಹಿಡಿದು. ಮುರಿದರೆ ಶಿವನಿಗೆ ಏನು ಹೇಳಲಿ?

ಭಾವ ಕೈ ತೊಳೆಯುವ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನೊಡನೆ ನೇರವಾಗಿ ಮಾತಾಡಿದ್ದೇ ಅಪರೂಪ. ಏನಿದ್ದರೂ ತಮ್ಮನ ಮೂಲಕ, ಇಲ್ಲ ಮಗಳ ಮೂಲಕ.

"ನೋಡಮ್ಮ," ಎಂದರು. "ಅವತ್ತು ಅವಳ ಊಟದ ದಿನ ನೀನು ಎಲ್ಲಾ ಪಂಕ್ತಿಗೂ ಬಡಿಸ್ದೆ. ನೀನು ಕೂರ್ಲಿಲ್ಲ. ನಾನು ನೋಡ್ದೆ."

ನಾನು ಸೆರಗು ಎಳೆದುಕೊಂಡೆ. ಭಾವ ಮಾತು ಮುಂದುವರಿಸಿದರು.

"ಹೋಳಿಗೆ ತಟ್ಟೆ ಕಳಿಸಿ, ತಿಂದ್ಲಾ ಅಂತ ಈ ಮಗೂನ ಕೇಳೋಳು. ಇದು ಹೂಂ ಅಂತ ಸುಳ್ಳು ಹೇಳೋದು. ಅವಳಿಗೂ ಗೊತ್ತು ಸುಳ್ಳು ಅಂತ. ನೀನು ಹಾಕಿ ಕಳಿಸ್ತಿದ್ದೆಯಲ್ಲ ಸಕ್ಕರೆ, ಅದ್ನ ಡಬ್ಬಿಗೆ ಸುರೀತಿರ್ಲಿಲ್ಲ. ಬ್ಯಾರೆ ಲೋಟದಾಗೆ ಇಟ್ಕೊಂಡು ಅವಳೊಬ್ಳೇ ಕಾಪಿಗೆ ಹಾಕ್ಕೊಂಡು ಕುಡಿಯೋಳು. ನಮಗ್ಯಾರಿಗೂ ಕೊಡ್ತಿರ್ಲಿಲ್ಲ." ಕೊನೆಗೆ, "ಆಣೆ ನಿಂದು. ನಾನು ಉಣ್ಣು ಅನ್ನಲ್ಲ" ಎಂದರು.

ನಾನು ಕರಡಿಗೆ ಮುಟ್ಟಿಕೊಂಡೆ. ಶಿವನೇ, ಆಣೆ ಮುರಿಯುತ್ತಿದ್ದೇನೆ, ಗೊತ್ತಿದ್ದೇ ಮುರಿಯುತ್ತಿದ್ದೇನೆ, ಪಾಪ ಏನಿದ್ದರೂ ನನಗಿರಲಿ ಎಂದುಕೊಂಡೆ. ಕಲಸಿದೆ. ಉಂಡೆ.

ರುಚಿ ಅಕ್ಕನದಾಗಿರಲಿಲ್ಲ. ತೊವ್ವೆ ನೀರಾಗಿತ್ತು, ಜೀರಿಗೆ ಜಾಸ್ತಿ, ಉಪ್ಪು ಕಡಿಮೆ. ಅಕ್ಕನಾಗಿದ್ದರೆ ನಾಚಿಕೊಳ್ಳುತ್ತಿದ್ದಳು. ಒಂದಗುಳು ಬಿಡದೆ ಉಂಡು, ಲೋಟದ ನೀರನ್ನು ತಟ್ಟೆಗೆ ಸುರಿದು, ಬೆರಳಿನಿಂದ ಸುತ್ತ ತೊಳೆದು ಕುಡಿದೆ. ಪಕ್ಕದ ಮೇಜಿನ ಹೆಂಗಸು ತನ್ನ ಮಗುವಿನ ಮುಖವನ್ನು ಆಚೆಗೆ ತಿರುಗಿಸಿದಳು. ಆಗ ತಲೆ ಎತ್ತಿ, ಮೂರು ದಿನದಲ್ಲಿ ಮೊದಲ ಸಲ, ಎದುರಿನ ಕುರ್ಚಿಯನ್ನು ನೋಡಿದೆ. ಖಾಲಿಯಾಗಿತ್ತು. ಖಾಲಿ ಇರುವುದನ್ನು ನೋಡಿ ಸಮಾಧಾನವಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ.

ಮಂಗಳವಾರ ಕಡೆಯ ಸಂಜೆ. ಎಲ್ಲರೂ ರೇಷ್ಮೆ, ಕೋಟು ಹಾಕಿಕೊಂಡು ಬಂದಿದ್ದರು. "ಇವತ್ತು ಅವಳಿಗೂ ಬಡಿಸು ಅನ್ನು," ಎಂದರು ಭಾವ ಮಗಳಿಗೆ. ಅವನು ಚೀಟಿ ತಿರುವಿ ನೋಡಿದ. ಆ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ಏನು ತರಲಿ ಎಂದು ಕೇಳಿದ. ಭಾವ ಮಗಳ ಮುಖ ನೋಡಿದರು, ಮಗಳು ಅಪ್ಪನ ಮುಖ ನೋಡಿದಳು.

"ಅವಳಿಗೆ ಇಂಥದ್ದೇ ಬೇಕು ಅಂತ ಏನಿರ್ಲಿಲ್ಲ," ಎಂದರು ಭಾವ.

"ಇತ್ತು ಭಾವ," ಎಂದೆ. "ತಂಗಳು ಮುದ್ದೆ. ಮಧ್ಯಾಹ್ನ ನೀವೆಲ್ಲ ಉಂಡು ಹೋದಮೇಲೆ ಮಜ್ಜಿಗೇಲಿ ಕಿವುಚಿಕೊಂಡು, ಒಲೆಕಟ್ಟೆಗೆ ಒರಗಿ ನಿಂತು ಕುಡಿಯೋಳು. ಜೊತೆಗೆ ಒಂದು ಹಸಿಮೆಣಸಿನಕಾಯಿ. ಪಾಯಸ ಮಾಡಿದ ದಿನಾನೂ ಅದೇ."

"ನಿಜವಾ?" ಎಂದರು ಭಾವ. "ನನಗೆ ಒಂದಿನಾನೂ ಹೇಳ್ಲಿಲ್ವಲ್ಲ."

"ಅದಕ್ಕೇ ಅಡುಗೆಮನೇಲಿ ಅವಳೂ ನಾನೂ ಇಬ್ಬರೇ ನಗ್ತಿದ್ವಿ," ಎಂದೆ.

ಹುಡುಗಿ ಹಿಂದಿಯಲ್ಲಿ ಹೇಗೋ ವಿವರಿಸಿದಳು. ಅಷ್ಟು ಬಗೆಯ ಊಟವಿದ್ದ ಹಡಗಿನಲ್ಲಿ ರಾಗಿ ಇರಲಿಲ್ಲ. ಅವನು ಒಳಗೆ ಹೋಗಿ ಬಹಳ ಹೊತ್ತು ಬಿಟ್ಟು ಬಂದ. ಒಂದು ಬಟ್ಟಲು ಮೊಸರು, ಚಿಕ್ಕ ತಟ್ಟೆಯಲ್ಲಿ ಒಂದು ಹಸಿಮೆಣಸಿನಕಾಯಿ ತಂದು, ಬದುಕಿರುವವರಿಗೆ ಬಡಿಸುವಷ್ಟೇ ಜೋಪಾನವಾಗಿ ಆ ಕುರ್ಚಿಯ ಮುಂದೆ ಇಟ್ಟ. ನಾವು ಉಣ್ಣಲು ಶುರು ಮಾಡಿದೆವು. ಹಡಗು ಒಮ್ಮೆ ವಾಲಿತು. ಮೆಣಸಿನಕಾಯಿ ತಟ್ಟೆಯ ಆ ಅಂಚಿನಿಂದ ನನ್ನ ಕಡೆಯ ಅಂಚಿಗೆ ಉರುಳಿ ಬಂದು ನಿಂತಿತು, ಯಾರೋ ನನ್ನತ್ತ ಸರಿಸಿದ ಹಾಗೆ. ಆಮೇಲೆ ಹಡಗು ಅತ್ತ ವಾಲಿತು, ಲೋಟಗಳ ನೀರೆಲ್ಲ ಅತ್ತ ಏರಿತು, ಅದು ಮಾತ್ರ ಅಲ್ಲೇ ಇತ್ತು. ಎಲ್ಲರೂ ಎದ್ದು ಹೋಗುವವರೆಗೂ ನಾನು ಅದನ್ನೇ ನೋಡುತ್ತ ಕೂತಿದ್ದೆ.