ಐದು ದಿನ ಕಪ್ಪಗಿದ್ದ ಪರದೆ

ತ್ಯಾವಣಿಗೆಯ ಬಸ್ ಸ್ಟ್ಯಾಂಡ್ ಹತ್ತಿರ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ರೆಡಿಮೇಡ್ ಕಾಯಿಲ್ ತಂದು ತುರುಕುವವಳಲ್ಲ ನಾನು. ಒಂದೊಂದು ಸುತ್ತೂ ನನ್ನ ಕೈಯಲ್ಲೇ ಆಗಬೇಕು. ಅದೇ ಹಟಕ್ಕೆ, ಬಿಡುವಿನಲ್ಲಿ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪಿನ ಕೆಲಸ ಕಲಿಯಲು ಕೂತಾಗಲೂ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಮು ಬೇಡವೆಂದೆ. ಬೋರ್ಡಿನ ಮೇಲಿನ ಆ ಚಿಪ್ಪಿಗೆ ಪುಟ್ಟ ಪರದೆಯೊಂದನ್ನು ಜೋಡಿಸಿ, ಅದನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ಮೊದಲ ಸಾಲಿನಿಂದ ನಾನೇ ಬರೆಯತೊಡಗಿದೆ. ಪರದೆಗೆ ಕನ್ನಡ ಗೊತ್ತಿರಲಿಲ್ಲ. ಚೌಕಳಿ ಹಾಳೆಯಲ್ಲಿ ಚುಕ್ಕೆ ತುಂಬಿ ತುಂಬಿ ಅಕ್ಷರಗಳನ್ನೂ ಮಾಡಿಕೊಂಡೆ.

ಪರದೆ ಮಾತ್ರ ಕಪ್ಪಗೇ ಇತ್ತು. ಐದು ದಿನ! ವೈರ್ ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಚಿಪ್ಪಿನ ದಪ್ಪ ಪುಸ್ತಕಕ್ಕೆ ಬಾಯಿಗೆ ಬಂದಂತೆ ಬೈದೆ.

"ಇದೆಲ್ಲ ನಮ್ಮಂಥವ್ರಿಗಲ್ಲ, ಬಿಡೇ" ಎಂದರು ಗಂಡ.

ರೋಷ ಉಕ್ಕಿತು. "ಅಮಾಸೆ ಒಳಗೆ ಇದು ಹತ್ತದಿದ್ರೆ ಈ ಬೋರ್ಡು ಮುಟ್ಟಲ್ಲ, ಹೋಗ್ರಿ" ಎಂದುಬಿಟ್ಟೆ. ಅಂದಮೇಲೆ ಹೆದರಿಕೆಯಾಯಿತು. ಸೋತರೆ ಅವರ ಮಾತೇ ನಿಜವಾಗುತ್ತಿತ್ತು.

ಅಮಾವಾಸ್ಯೆಗೆ ಒಂದು ದಿನವಿದ್ದಾಗ ರೈತರೊಬ್ಬರು ಬಂದರು. ಅವರ ಮೋಟಾರಿನ ಸ್ಟಾರ್ಟರ್ ಡಬ್ಬಿಯನ್ನು ಹಿಂದಿನ ದಿನವಷ್ಟೇ ರಿಪೇರಿ ಮಾಡಿಕೊಟ್ಟಿದ್ದೆ.

"ಅಕ್ಕಾ, ಗುಂಡಿ ಒತ್ತಿ ಒತ್ತಿ ಬೆರಳು ಸವೀತು. ಮೋಟ್ರು ಗುಂಯ್ ಅಂತಿಲ್ಲ."

"ಮೇನ್ ಸ್ವಿಚ್ ಹಾಕಿದ್ರಾ?"

ಅವರು ತಲೆ ಕೆರೆದುಕೊಂಡರು.

"ಅಲ್ರೀ, ಕರೆಂಟೇ ಕೊಡದೆ ಗುಂಡಿ ಒತ್ತಿದ್ರೆ ಅದು ಹೆಂಗೆ ತಿರುಗ್ತೈತೆ?" ಎಂದು ಗದರಿದವಳು ತಟ್ಟನೆ ನನ್ನ ಬೋರ್ಡಿನ ಕಡೆ ತಿರುಗಿದೆ. ಚಿಪ್ಪಿನಲ್ಲೂ ಹಾಗೆಯೇ. ಒಳಗಿನ ಒಂದೊಂದು ಭಾಗಕ್ಕೂ ಅದನ್ನು ನಡೆಸುವ ಕ್ಲಾಕ್ ಎಂಬ ಮಿಡಿತವನ್ನು ನಾವೇ ಆನ್ ಮಾಡಬೇಕು, ಇಲ್ಲದಿದ್ದರೆ ಏನು ಬರೆದರೂ ಅದು ಅಲುಗದು. ಪರದೆಗೆ ಸುದ್ದಿ ಕಳಿಸುವ ಭಾಗಕ್ಕೆ ನಾನು ಅದನ್ನೇ ಕೊಟ್ಟಿರಲಿಲ್ಲ! ಯಾವ ತಪ್ಪಿಗೆ ದಿನಾ ಊರವರನ್ನು ಬೈಯುತ್ತೇನೋ ಅದೇ ತಪ್ಪು. ಪುರಾಣ ಹೇಳೋಕೆ, ಬದನೇಕಾಯಿ ತಿನ್ನೋಕೆ ಎಂದು ನನ್ನನ್ನು ನಾನೇ ಹಂಗಿಸಿಕೊಂಡು ಲ್ಯಾಪ್‌ಟಾಪ್ ತೆರೆದೆ. ಒಂದೇ ಒಂದು ಸಾಲು ಸೇರಿಸಿ ಚಿಪ್ಪಿಗೆ ಹಾಕಿದೆ. ಪರದೆ ಹತ್ತಿತು.

ರೈತರು ಬಗ್ಗಿ ನೋಡಿದರು. "ತ್ಯಾವಣಿಗೆ" ಎಂದು ಬಸ್ಸಿನ ಬೋರ್ಡು ಓದಿದಷ್ಟೇ ಸಲೀಸಾಗಿ ಓದಿ, "ಮೇನ್ ಹಾಕ್ತೀನಿ ಬಿಡಕ್ಕಾ" ಎಂದು ಹೊರಟರು. ಅವರಿಗೆ ಅಚ್ಚರಿಯೇ ಆಗಲಿಲ್ಲ. ನಾನಿಟ್ಟ ಚುಕ್ಕೆಗಳು ಅವರಿಗೆ ಬರೀ ಅಕ್ಷರ! ಅಯ್ಯಬ್ಬಾ, ಹೆಮ್ಮೆಗೆ ನನ್ನ ಕಣ್ಣು ತುಂಬಿತು.

ಸಂಜೆ ಮನೆಯಲ್ಲಿ ಪೇಪರ್ ಓದುತ್ತಿದ್ದ ಗಂಡನ ಮುಂದೆ ಬೋರ್ಡನ್ನು ಹಿಡಿದೆ. ಕನ್ನಡಕ ಏರಿಸಿ, ಇಳಿಸಿ, ಸುಮಾರು ಹೊತ್ತು ನೋಡಿದರು.

"ನಾ ಹುಟ್ಟಿದ ಊರಿನ ಹೆಸ್ರೂ ಬರೆಯಾಕೆ ಬರುತ್ತೇನೇ? ಬಸವಾಪಟ್ಟಣ?"